ನಾಲ್ಕೂವರೆ ಇಂಚು

ದಿನಕ್ಕೆ ಅರವತ್ತು ಸ್ಲೈಡು,
ಕೆಂಪು ಕಣ, ಬಿಳಿ ಕಣ ಲೆಕ್ಕ;
ಮಂಗನ ಕಾಯಿಲೆಯ ತಿಂಗಳಲ್ಲಿ ಅದರ ದುಪ್ಪಟ್ಟು.
ಹತ್ತೊಂಬತ್ತು ವರ್ಷ ಮೈಕ್ರೋಸ್ಕೋಪಿಗೆ ಬಗ್ಗಿದ ಕತ್ತು
ಈಗ ಯಾರು ಕರೆದರೂ ಮೈ ಸಮೇತ ತಿರುಗುತ್ತದೆ,
ರಿವರ್ಸ್ ತೆಗೆಯುವ ಲಾರಿಯಂತೆ.

ಫಿಸಿಯೋದವಳು ಚೀಟಿಯಲ್ಲಿ ಬರೆದಳು:
ಮೆಮೊರಿ ಫೋಮ್ ದಿಂಬು. ಮಗ್ಗುಲಾಗಿ ಮಲಗುವವರಿಗೆ
ನಾಲ್ಕೂವರೆ ಇಂಚು.
ಊಟಕ್ಕೆ ಮುಂಚೆಯೋ ಆಮೇಲೋ ಅಂತ ಕೇಳಿದೆ.
ಅವಳು ನಗಲಿಲ್ಲ.

ದುರ್ಗಿಗುಡಿಯ ಅಂಗಡಿ, ಶನಿವಾರ ಮಧ್ಯಾಹ್ನ ಮೂರು.
ಮಕ್ತುಂಸಾಬ್ ದಿಂಬಿನ ಮೇಲೆ ಅಂಗೈ ಒತ್ತಿ ತೆಗೆದರು.
ಐದು ಬೆರಳಿನ ಗುಳಿ
ಒಂದು ಗಳಿಗೆ ಹಾಗೇ ಇದ್ದು ನಿಧಾನ ತುಂಬಿಕೊಂಡಿತು.
"ನೆನಪಿಟ್ಕೊಳ್ಳೋದು ಅಂತ ಹೆಸರು ಮೇಡಂ,
ಮಾಡೋದು ಮರೆಯೋ ಕೆಲಸ.
ಆದ್ರೆ ಅವಸರ ಮಾಡಲ್ಲ."

ಅವರ ಅಪ್ಪ ಹತ್ತಿ ಹಿಂಜುತ್ತಿದ್ದವರು.
ಬಿಲ್ಲು ಹೆಗಲಿಗೇರಿಸಿ, ಟೊಂಯ್ ಟೊಂಯ್ ತಂತಿ ಮೀಟುತ್ತ
ಮಾರ್ನಮಿಬೈಲಿಂದ ಸೀಗೆಹಟ್ಟಿವರೆಗೆ
ಗಂಟುಗಟ್ಟಿದ ಹಾಸಿಗೆಗಳ ಗಂಟು ಬಿಡಿಸಿದವರು.
ಕಂಡವರ ನಿದ್ದೆಯ ನಾರೆಲ್ಲ ಕೊನೆಗೆ ಎದೆಯೊಳಗೆ ಕೂತು
ಅವರಿಗೆ ಮಾತ್ರ ಗೋಡೆಗೊರಗಿಯೇ ನಿದ್ದೆ.
ಇಷ್ಟನ್ನೂ ಮಕ್ತುಂಸಾಬ್
ರೇಟಿನ ಪಟ್ಟಿ ಹುಡುಕುತ್ತಲೇ ಹೇಳಿ ಮುಗಿಸಿದರು.

ಮಲಗಿ ನೋಡಿ, ಎಂದರು.
ಗಾಜಿನಾಚೆ ರಸ್ತೆ. ಕಬ್ಬಿನ ಹಾಲಿನವನು,
ಟ್ಯೂಷನ್ ಬಿಟ್ಟ ಹುಡುಗರು,
ನಮ್ಮ ಓಣಿಯ ಯಮುನಕ್ಕ ಹಾದುಹೋದರೆ?
ಚಪ್ಪಲಿ ಬಿಟ್ಟೆ. ಸೆರಗು ಬಿಗಿದೆ.
ಎಕ್ಸರೇ ಮೇಜಿನ ಮೇಲಿನಂತೆ
ಉಸಿರು ಹಿಡಿದು ಮಗ್ಗುಲಾದೆ.

ಮೊದಲನೆಯದು ತೀರಾ ಎತ್ತರ.
ಎರಡನೆಯದು ತಗ್ಗು, ಮೇಲೊಂದು ತಣ್ಣನೆ ಜೆಲ್ಲು,
ಐಸಿನ ಮೇಲಿಟ್ಟ ಬಂಗಡೆಯಾದೆ.
ಮೂರನೆಯದರಲ್ಲಿ
ಕೆನ್ನೆ ಇಳಿಯಿತು, ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು.
ಕತ್ತಿನ ಕೆಳಗೆ ಖಾಲಿ ಜಾಗ
(ಅಲ್ಲೊಂದು ಖಾಲಿ ಜಾಗ ಇದೆಯೆಂದೇ ಗೊತ್ತಿರಲಿಲ್ಲ)
ಅಲ್ಲಿಗೇ ಏನೋ ಬಂದು ಆನಿಕೊಂಡಿತು.

ಕಣ್ಣು ಬಿಟ್ಟಾಗ ಮೂರೂ ಮುಕ್ಕಾಲು.
ಫ್ಯಾನು ಒಂದಕ್ಕೆ ಇಳಿದಿದೆ.
ನನಗೂ ಗಾಜಿಗೂ ನಡುವೆ
ಎರಡು ಡಬಲ್ ಹಾಸಿಗೆ ನಿಲ್ಲಿಸಿ ಗೋಡೆ ಮಾಡಿದ್ದಾರೆ.
ಆಚೆ ಮೂಲೆಯಲ್ಲಿ ಮಕ್ತುಂಸಾಬ್
ಯಾರಿಗೋ ಪಿಸುದನಿಯಲ್ಲಿ ಕಾಲೊರಸು ತೋರಿಸುತ್ತಿದ್ದಾರೆ.
ದಿಂಬಿನ ಕವರಿನ ಮೇಲೆ ನನ್ನ ಜೊಲ್ಲು,
ಎರಡು ರೂಪಾಯಿ ನಾಣ್ಯದಗಲ.

"ಅದೇ ನಿಮ್ದು" ಎಂದರು.
"ಇನ್ನು ಬೇರೆಯವ್ರಿಗೆ ಮಾರೋಕೂ ಆಗಲ್ಲ."

ಎರಡು ಸಾವಿರದ ಇನ್ನೂರು. ನೂರು ಬಿಟ್ಟರು.
ಆಟೋದಲ್ಲಿ ಕೂತು ಯೋಚಿಸಿದೆ:
ನಿದ್ದೆ ಬಂದದ್ದು ಫೋಮಿಗೋ,
ಅರ್ಧ ಗಂಟೆ ಯಾರೂ
ರಿಪೋರ್ಟ್ ಆಯ್ತಾ, ಕುಕ್ಕರ್ ಇಟ್ಯಾ, ನನ್ನ ಬನಿಯನ್ ಎಲ್ಲಿ
ಎಂದು ಕೇಳದ್ದಕ್ಕೋ?
ಸ್ಲೈಡಿನ ಮೇಲೆ ಹಚ್ಚಿ ನೋಡುವಂಥದ್ದಲ್ಲ ಅದು.

ಹೊಸ ವಾಸನೆ ಹೋಗಲೆಂದು ಎರಡು ದಿನ ನೆರಳಲ್ಲಿಟ್ಟೆ.
ಗಂಡ ಬೆರಳಲ್ಲಿ ಒತ್ತಿ, ಇದೇನು ಇಡ್ಲಿಯಾ, ಎಂದ.
ಮೂರನೇ ರಾತ್ರಿ ನೋಡಿದರೆ ಅವನದೇ ತಲೆ ಅದರ ಮೇಲೆ.
ಎಳೆದುಕೊಂಡೆ.
ನಂದು, ಎಂದೆ, ಕತ್ತಲಲ್ಲಿ,
ಅಕ್ಕಪಕ್ಕದವರಿಗೆ ಕೇಳುವಷ್ಟು ಜೋರಾಗಿ.

ನೋವು ಪೂರ್ತಿ ಹೋಗಿಲ್ಲ.
ಎಡಕ್ಕೆ ಕತ್ತು ಒಂದೇ ತಿರುಗುತ್ತದೆ ಈಗ,
ಬಲಕ್ಕೆ ಇನ್ನೂ ಲಾರಿಯೇ.

ಬೆಳಿಗ್ಗೆ ಐದೂವರೆಗೆ ಎದ್ದು
ಮಂಚದ ಅಂಚಲ್ಲಿ ಕೂತು ಅದನ್ನೇ ನೋಡುತ್ತೇನೆ:
ನನ್ನ ತಲೆಯಗಲದ ಗುಳಿ, ಒಳಗೆ ಓಲೆಯದೊಂದು ಚುಕ್ಕೆ.
ಎಣಿಸುವ ಚಾಳಿ ಬಿಡುವುದಿಲ್ಲ.
ಒಂದು, ಎರಡು, ಮೂರು...
ಚಳಿಗಾಲದಲ್ಲಿ ಹನ್ನೊಂದರವರೆಗೂ ಹೋಗುತ್ತದೆ.
ಆರಕ್ಕೇ ಹಾಲಿನವನ ಬೆಲ್ಲಾದರೆ
ಮಿಕ್ಕದ್ದು ತಾನೇ ತುಂಬಿಕೊಳ್ಳಲಿ ಎಂದು
ಎದ್ದು ಹೋಗುತ್ತೇನೆ.